ಹಡಗಿನ ಹೊಸ ಇಂಧನವೂ ಪೈಪು ಹಿಡಿಯುವ ಕೂಲಿಯೂ



ಹೋಟೆಲಿನ ಒಲೆಯ ಮುಂದೆ ನಿಂತವರಿಗೆ ಬೆಂಕಿಯ ಗುಣವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗ್ಯಾಸು ಸೋರಿದರೆ ಮೂಗು ಹೇಳುತ್ತದೆ. ಜ್ವಾಲೆ ಎದ್ದರೆ ಕಣ್ಣು ಹೇಳುತ್ತದೆ. ಈಗ ಹಡಗುಗಳಿಗೆ ಎಣ್ಣೆಯ ಬದಲು ತುಂಬತೊಡಗಿರುವ ಮೆಥನಾಲ್ ಈ ಎರಡು ಕಾವಲುಗಾರರನ್ನೂ ಮೋಸಗೊಳಿಸುವಂಥದು. ಹಗಲಿನಲ್ಲಿ ಅದರ ಜ್ವಾಲೆ ಕಾಣುವುದೇ ಇಲ್ಲವೆನ್ನಬೇಕು. ವಾಸನೆಯನ್ನು ನಂಬಿ ಕುಳಿತರೆ ಅಷ್ಟರಲ್ಲಿ ವಿಷ ಮೈಸೇರಿರಬಹುದು.

ಮೆಥನಾಲ್ ಎಂದರೇನೆಂದು ಮುಂಬಯಿಯ ದುಡಿಯುವ ಜನ ಕೇಳಬೇಕಾದ್ದಿಲ್ಲ. 2015ರ ಜೂನಿನಲ್ಲಿ ಮಾಲವಣಿಯಲ್ಲಿ ಕಳ್ಳಸಾರಾಯಿ ಕುಡಿದು ನೂರಕ್ಕೂ ಹೆಚ್ಚು ಮಂದಿ ಸತ್ತರಲ್ಲ, ಅದರಲ್ಲಿದ್ದುದು ಇದೇ. ಎರಡು ಚಮಚ ಹೊಟ್ಟೆಗೆ ಹೋದರೂ ದೃಷ್ಟಿ ಹೋಗಬಹುದು. ಕುಡಿಯಲೇಬೇಕೆಂದೂ ಇಲ್ಲ, ಚರ್ಮದಿಂದಲೂ ಉಸಿರಿನಿಂದಲೂ ಒಳಹೊಗುತ್ತದೆ. ಮೊದಲು ಏನೂ ಆಗದಂತಿದ್ದು, ಅರ್ಧ ದಿನವೋ ಒಂದು ದಿನವೋ ಕಳೆದ ಮೇಲೆ ಕಣ್ಣು ಮಂಜಾಗುತ್ತದೆ. ಅಷ್ಟರಲ್ಲಿ ಪಾಳಿ ಮುಗಿದು ಕೂಲಿಯವನು ಖೋಲಿಯಲ್ಲಿ ಮಲಗಿರುತ್ತಾನೆ. ಕೆಲಸದ ಮೇಲೆ ಆದದ್ದಲ್ಲವೆಂದು ಗುತ್ತಿಗೆದಾರನು ಕೈತೊಳೆದುಕೊಳ್ಳಲು ಇಷ್ಟು ಸಾಲದೆ?

ಹಾಗೆಂದು ಈ ಇಂಧನವೇ ಬೇಡವೆನ್ನುವವರು ನಾವಲ್ಲ. ಇದರಲ್ಲಿ ಗಂಧಕವಿಲ್ಲ, ಮಸಿ ಬಹಳ ಕಡಿಮೆ. ಬಂದರಿನ ಪಕ್ಕದ ಚಾಳುಗಳಿಗೂ ಒಳ್ಳೆಯದೇ. (ಕಲ್ಲಿದ್ದಲಿನಿಂದ ತಯಾರಿಸಿದ ಮೆಥನಾಲನ್ನೂ ಹಸಿರೆಂದು ಮಾರಬಾರದು, ಆ ಮಾತು ಬೇರೆ.) ಸ್ವೀಡನ್ನಿನ ಸ್ಟೆನಾ ಜರ್ಮಾನಿಕಾ ಹಡಗು 2015ರಿಂದಲೇ ಇದನ್ನು ಉರಿಸಿತು. 2023ರಲ್ಲಿ ಲಾರಾ ಮರ್ಸ್ಕ್ ಎಂಬ ಸರಕಿನ ಹಡಗಿಗೆ ಸಿಂಗಪುರದಲ್ಲಿ ತುಂಬಿದರು. ನಮ್ಮ ತೂತ್ತುಕುಡಿಯಲ್ಲಿ 2025ರಲ್ಲಿ ಇದಕ್ಕೆಂದೇ ಅಡಿಗಲ್ಲು ಹಾಕಿದ್ದಾರೆ. ಅಲ್ಲಿಗೆ ಬಂದದ್ದು ನಾಳೆ ಮಂಗಳೂರಿಗೂ ಮುಂಬಯಿಗೂ ಬಾರದಿರದು.

ಒಂದು ಲೆಕ್ಕ ನೋಡಿ. ಒಂದು ಟನ್ನು ಮೆಥನಾಲಿನಲ್ಲಿ ಹಡಗಿನ ಎಣ್ಣೆಯ ಅರ್ಧದಷ್ಟೇ ಶಕ್ತಿ. ಅಂದರೆ ಅಷ್ಟೇ ದೂರ ಹೋಗಲು ಎರಡು ಪಾಲು ತುಂಬಬೇಕು. ಪೈಪು ಹಿಡಿಯುವವನ ಕೆಲಸವೂ ಬೆಳೆಯಿತು, ಅಪಾಯವೂ ಬೆಳೆಯಿತು. ಸುಮಾರು 12 ಡಿಗ್ರಿ ಶಾಖದಲ್ಲೇ ಇದರ ಆವಿ ಕಿಡಿಗೆ ಹತ್ತಿಕೊಳ್ಳಬಲ್ಲದು. ನಮ್ಮ ಬಂದರುಗಳಲ್ಲಿ ಅಷ್ಟು ಚಳಿ ಬೀಳುವುದೇ ಅಪರೂಪ.

ಸುರಕ್ಷಿತವಾಗಿ ತುಂಬುವ ದಾರಿ ಗೊತ್ತಿಲ್ಲದ್ದೇನಲ್ಲ. ತುಂಬುವ ಮೊದಲು ಪೈಪಿನ ಸೋರಿಕೆ ಪರೀಕ್ಷಿಸಬೇಕು. ಮುಗಿದ ಮೇಲೆ ನೈಟ್ರೋಜನ್ ಹಾಯಿಸಿ ಒಳಗಿನದನ್ನೆಲ್ಲ ಹೊರದೂಡಿಯೇ ಬಿಚ್ಚಬೇಕು. ಬಿಚ್ಚಿದರೂ ತೊಟ್ಟಿಕ್ಕದ ಜೋಡಣೆಗಳಿವೆ. ಕಾಣದ ಜ್ವಾಲೆಯನ್ನು ಶಾಖದಿಂದ ಗುರುತಿಸುವ ಕ್ಯಾಮೆರಾ ಇದೆ. ಮಾಮೂಲಿ ನೊರೆ ಈ ಬೆಂಕಿಯ ಮೇಲೆ ಕರಗಿಹೋಗುತ್ತದೆ, ಬೇರೆ ನೊರೆಯೇ ಬೇಕು. ತಕ್ಕ ಕೈಗವಸು, ಮುಖವಾಡ, ಮೈತೊಳೆಯಲು ಹತ್ತಿರದಲ್ಲೇ ನೀರು. ಅಂತರರಾಷ್ಟ್ರೀಯ ಸಾಗರ ಸಂಸ್ಥೆಯು ಇಂಥ ಹಡಗುಗಳಿಗೆ 2020ರಲ್ಲೇ ಮಾರ್ಗಸೂಚಿ ಹೊರಡಿಸಿದೆ.

ನಾವು ಕೇಳುವುದು, ಇದನ್ನೆಲ್ಲ ದಡದಲ್ಲಿ ಪೈಪು ಎಳೆಯುವವನಿಗೆ ಯಾರು, ಯಾವ ಭಾಷೆಯಲ್ಲಿ ಹೇಳುತ್ತಾರೆ? ನಾವು ಹೋಟೆಲಿನಲ್ಲಿದ್ದಾಗ ಹೊಸ ಗ್ಯಾಸಿನ ಭಟ್ಟಿ ಬಂತು. ಹಚ್ಚುವ ಕ್ರಮದ ಇಂಗ್ಲಿಷ್ ಕಾಗದವನ್ನು ಮ್ಯಾನೇಜರು ಗೋಡೆಗೆ ಅಂಟಿಸಿದರು. ಹಚ್ಚಬೇಕಾದವನು ಕುಂದಾಪುರದ ಕಡೆಯ ಹುಡುಗ. ಅವನಿಗೆ ಕನ್ನಡವೂ ಕೂಡಿಸಿ ಓದಿದರೆ ಉಂಟು. ಮೊಣಕೈವರೆಗೆ ಸುಟ್ಟ ಕಲೆ ಅವನಿಗೆ ಇಂದಿಗೂ ಇದೆ. ಕಾಗದ ಮಾತ್ರ ಗೋಡೆಯ ಮೇಲೆ ಸರಿಯಾಗಿಯೇ ಇತ್ತು.

ಬಂದರಿನಲ್ಲಿ ದುಡಿಯುವ ನಮ್ಮ ಬಂಧುಗಳು ಈಗಲೇ ಯೂನಿಯನ್ನಿನಲ್ಲಿ ಮಾತೆತ್ತಲಿ. ತಿಳಿಯುವ ಭಾಷೆಯಲ್ಲಿ, ಕೈಯಲ್ಲಿ ಪೈಪು ಕೊಟ್ಟೇ ತರಬೇತಿಯಾಗಬೇಕು. ಅನುಮಾನ ಬಂದಾಗ ಕೂಲಿ ಕಡಿತವಿಲ್ಲದೆ ಕೆಲಸ ನಿಲ್ಲಿಸುವ ಅಧಿಕಾರ ಆ ಕೂಲಿಯವನಿಗೇ ಇರಬೇಕು. ಪಾಳಿ ಮುಗಿದು ಎರಡು ದಿನದೊಳಗೆ ಕಣ್ಣು ಮಂಜಾದರೆ ಅದನ್ನು ಕೆಲಸದ ಅಪಘಾತವೆಂದೇ ಪುಸ್ತಕದಲ್ಲಿ ಬರೆದುಕೊಂಡು ಆಸ್ಪತ್ರೆಗೆ ಸಾಗಿಸಬೇಕು.