ಎರಡೇ ದಿನದಲ್ಲಿ ಸಾಲ ಕೊಡುವವರನ್ನು ನಂಬಬೇಡಿ ಸ್ವಾಮಿ!

ನಮ್ಮ ಸನತ್‌ನಗರದಿಂದ ಮುಂಬೈ ಹೆದ್ದಾರಿ ಹಿಡಿದು ಹೊರಟರೆ ಪಟಾನ್‌ಚೆರು, ಸಂಗಾರೆಡ್ಡಿ, ಸದಾಶಿವಪೇಟೆ, ಜಹೀರಾಬಾದ್.. ಅಲ್ಲಿಂದ ಬಲಕ್ಕೆ ತಿರುಗಿದರೆ ಬೀದರ್. ಈ ದಾರಿಯುದ್ದಕ್ಕೂ ಈಗ 'ಫಾರ್ಮ್ ಪ್ಲಾಟ್' ಬೋರ್ಡುಗಳು. ಗುಂಟೆ ಲೆಕ್ಕದಲ್ಲಿ ಹೊಲ ಮಾರುತ್ತಾರೆ. ಅದರ ಮೇಲೆ ಕೂರಿಸಲು ರೆಡಿಮೇಡ್ ಮನೆಯೂ ಸಿಗುತ್ತದೆ. ಕಾರ್ಖಾನೆಯಲ್ಲಿ ತಯಾರಿಸಿ, ಲಾರಿಯಲ್ಲಿ ತಂದು, ಕ್ರೇನಿನಿಂದ ಇಳಿಸಿ, ಬೋಲ್ಟ್ ಬಿಗಿದರೆ ಮನೆ ರೆಡಿ! "ಲೋನ್ ನಮ್ಮ ಜವಾಬ್ದಾರಿ ಸಾರ್, ಎರಡು ದಿನ ಸಾಕು" ಅನ್ನುತ್ತಾರೆ ಮಾರುವವರು.

ರಿಟೈರ್ ಆದಮೇಲೆ ಊರಿಗೆ ಹತ್ತಿರ ಒಂದು ಪುಟ್ಟ ಮನೆ ಇರಲಿ ಅನ್ನುವ ಆಸೆ ಹೊರನಾಡಿನಲ್ಲಿರುವ ನಮಗೆಲ್ಲ ಇದ್ದದ್ದೇ. ನಾನು ಬ್ಯಾಂಕಿನವನಾದ್ದರಿಂದ ಪರಿಚಯದವರು ಕೇಳುವುದು ಒಂದೇ ಪ್ರಶ್ನೆ: "ಎಲ್ಲಿ ಬಡ್ಡಿ ಕಡಿಮೆ?" ನನ್ನ ಪ್ರಕಾರ ಈ ಪ್ರಶ್ನೆಯೇ ತಪ್ಪು. ಕೇಳಬೇಕಾದದ್ದು, "ಯಾರು ಹೆಚ್ಚು ಕಾಗದ ಕೇಳುತ್ತಾರೆ?" ಅಂತ.

ಎರಡು ದಿನದಲ್ಲಿ ಬರುವುದು ಗೃಹಸಾಲವಲ್ಲ, ಪರ್ಸನಲ್ ಲೋನ್. ಹೆಸರನ್ನು ಮಾತ್ರ ಬದಲಾಯಿಸಿ ಹೇಳುತ್ತಾರೆ. ಸುಮ್ಮನೆ ಲೆಕ್ಕಕ್ಕೆಂದು 12 ಲಕ್ಷ, 5 ವರ್ಷ ಅಂದುಕೊಳ್ಳಿ. ಶೇ. 8.5ರ ಗೃಹಸಾಲವಾದರೆ ತಿಂಗಳ ಕಂತು ಸುಮಾರು 24,620 ರೂಪಾಯಿ. ಶೇ. 14ರ ಪರ್ಸನಲ್ ಲೋನ್ ಆದರೆ 27,920. ಐದು ವರ್ಷಕ್ಕೆ ಹತ್ತಿರ ಹತ್ತಿರ 2 ಲಕ್ಷ ವ್ಯತ್ಯಾಸ! ಅದಲ್ಲದೆ ಫ್ಲೋಟಿಂಗ್ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ, 2012ರಲ್ಲೇ ರಿಸರ್ವ್ ಬ್ಯಾಂಕ್ ನಿಲ್ಲಿಸಿದೆ. ಫಿಕ್ಸೆಡ್ ಬಡ್ಡಿಯ ಪರ್ಸನಲ್ ಲೋನಿಗೆ ಆ ರಕ್ಷಣೆ ಇಲ್ಲ.

ಹಾಗಾದರೆ ಬ್ಯಾಂಕು ಇಂಥ ಮನೆಗೆ ಗೃಹಸಾಲ ಕೊಡಲು ಯಾಕೆ ಹಿಂಜರಿಯುತ್ತದೆ? ಅಡಮಾನ ಆಗುವುದು ಸ್ಥಿರಾಸ್ತಿ ಮಾತ್ರ. ಬೋಲ್ಟ್ ಬಿಚ್ಚಿ ಲಾರಿಗೇರಿಸಬಹುದಾದದ್ದು ಸ್ಥಿರಾಸ್ತಿಯೇ ಅಲ್ಲವೇ ಎಂಬ ಅನುಮಾನ ಒಂದು. ಅದಕ್ಕಿಂತ ದೊಡ್ಡದು ಜಮೀನು. 2002ರ ಸರ್ಫೇಸಿ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಕೃಷಿ ಜಮೀನಿನ ಮೇಲೆ ಆ ಕಾಯ್ದೆಯನ್ನು ಬಳಸುವಂತಿಲ್ಲ. ಅದಕ್ಕೇ ಕನ್ವರ್ಷನ್ ಆದೇಶ, ಲೇಔಟ್ ಅನುಮೋದನೆ, ಮನೆಯ ಪ್ಲಾನ್, ಹಿಂದಿನ ಕ್ರಯಪತ್ರ ಇವನ್ನೆಲ್ಲ ಬ್ಯಾಂಕು ಕೇಳುವುದು.

"ಅದು ನಿಮ್ಮ ಬ್ಯಾಂಕಿನ ತಲೆನೋವು, ನಮಗೇನು?" ಅನ್ನಬಹುದು. ಅಲ್ಲಾ ಸ್ವಾಮಿ, ಬ್ಯಾಂಕು ಮಾರಲಾಗದ ಜಾಗವನ್ನು ನಾಳೆ ನಿಮ್ಮ ಮಗ ಮಾರುತ್ತಾನೆಯೇ? ವಕೀಲರು ದಾಖಲೆ ನೋಡಿ 'ಬೇಡ' ಅಂದರೆ ಅದು ನಿಮ್ಮ ಪಿ.ಎಫ್., ಗ್ರಾಚ್ಯುಟಿ ದುಡ್ಡು ಉಳಿಸುವ ಮಾತು. ಪರ್ಸನಲ್ ಲೋನ್ ಕೊಡುವವರಿಗೆ ನಿಮ್ಮ ಜಾಗದ ಗೊಡವೆಯೇ ಇಲ್ಲ. ಅವರಿಗೆ ಬೇಕಾದದ್ದು ನಿಮ್ಮ ಸಂಬಳದ ಚೀಟಿ ಅಷ್ಟೇ.

ಅಮೆರಿಕದಲ್ಲಿ ಕಾರ್ಖಾನೆಯಲ್ಲಿ ತಯಾರಾದ ಮನೆಗಳು ಲಕ್ಷಗಟ್ಟಲೆ ಇವೆ. 1976ರಿಂದ ಅವುಗಳಿಗೆ ಪ್ರತ್ಯೇಕ ಕೇಂದ್ರ ಕಟ್ಟಳೆಯೂ ಇದೆ. ಅಲ್ಲೂ ಇದೇ ಕತೆ. ಜಮೀನು ಸ್ವಂತದ್ದಾಗಿ, ಮನೆಯನ್ನು ಅಡಿಪಾಯಕ್ಕೆ ಕೂರಿಸಿದ್ದರೆ ಗೃಹಸಾಲ ಸಿಗಬಹುದು. ಇಲ್ಲದಿದ್ದರೆ ಚರಾಸ್ತಿ ಸಾಲ. ಅದಕ್ಕೆ ಸಾಮಾನ್ಯವಾಗಿ ಬಡ್ಡಿ ಹೆಚ್ಚು, ಅವಧಿ ಕಡಿಮೆ.

ಇನ್ನು ನಮ್ಮವರಿಗೂ ಎರಡು ಮಾತು ಹೇಳಲೇಬೇಕು. ಕನ್ವರ್ಷನ್ ಆಗಿದೆ, ಪ್ಲಾನ್ ಪಾಸಾಗಿದೆ, ಅಡಿಪಾಯ ಹಾಕಿದೆ. ಆದರೂ ಗೋಡೆ ಪ್ಯಾನೆಲ್‌ನದು ಅನ್ನುವ ಒಂದೇ ಕಾರಣಕ್ಕೆ 'ಆಗಲ್ಲ' ಅನ್ನುವುದು ಶುದ್ಧ ಸೋಮಾರಿತನ! ಇಂದೋರಿನಲ್ಲಿ ಅಂಥದೇ ಪ್ಯಾನೆಲ್‌ಗಳಿಂದ ಮನೆ ಕಟ್ಟಲು 2021ರ ಜನವರಿ 1ರಂದು ಪ್ರಧಾನಿಯೇ ಶಂಕುಸ್ಥಾಪನೆ ಮಾಡಿದ್ದಾರೆ. ಬಾಯಿಮಾತಿನಲ್ಲಿ ಇಲ್ಲ ಅಂದರೆ ಎದ್ದು ಬರಬೇಡಿ. ಅರ್ಜಿ ಕೊಡಿ. ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕೆಂದು ರಿಸರ್ವ್ ಬ್ಯಾಂಕೇ ಹೇಳಿದೆ.

ಕಾಗದ ಎಲ್ಲ ಸರಿ ಇದ್ದರೆ ಆಮೇಲೆ ಬಡ್ಡಿ ಹೋಲಿಸಿ. ಆಗಲೂ ಮೂರು ವಿಷಯ ನೋಡಿ.

ಒಂದು, 2024ರ ಅಕ್ಟೋಬರ್ 1ರಿಂದ ಹೊಸ ಸಾಲಕ್ಕೆ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಕೊಡುವುದು ಕಡ್ಡಾಯ. ಅದರಲ್ಲಿ ಬೋರ್ಡಿನ ಮೇಲಿನ ಬಡ್ಡಿ ನೋಡಬೇಡಿ, ಪ್ರೊಸೆಸಿಂಗ್ ಫೀ, ಇನ್ಶೂರೆನ್ಸ್ ಎಲ್ಲ ಸೇರಿದ ಎ.ಪಿ.ಆರ್. ನೋಡಿ.

ಎರಡು, 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳ ಹೊಸ ಫ್ಲೋಟಿಂಗ್ ಗೃಹಸಾಲಗಳು ರೆಪೊದಂಥ ಹೊರಗಿನ ದರಕ್ಕೆ ಕಟ್ಟುಬಿದ್ದಿವೆ. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಆ ಕಟ್ಟಳೆ ಇಲ್ಲ. 2025ರ ಫೆಬ್ರವರಿಯಿಂದ ಜೂನ್‌ವರೆಗೆ ರೆಪೊ 6.5ರಿಂದ 5.5ಕ್ಕೆ ಇಳಿಯಿತು. ಹೀಗೆ ಇಳಿದಾಗ ನಿಮ್ಮ ಬಡ್ಡಿ ಎಷ್ಟು ಬೇಗ ಇಳಿಯುತ್ತದೆ ಅಂತ ಮೊದಲೇ ಕೇಳಿ.

ಮೂರನೆಯದು ರೆಡಿಮೇಡ್ ಮನೆಗೇ ವಿಶೇಷ. ಬ್ಯಾಂಕು ಕಟ್ಟಡ ಎದ್ದಷ್ಟೂ ಹಣ ಬಿಡುತ್ತದೆ. ಕಾರ್ಖಾನೆಯವನು ಲಾರಿ ಹೊರಡುವ ಮೊದಲೇ ಬಹುಪಾಲು ದುಡ್ಡು ಕೇಳುತ್ತಾನೆ. ಇದನ್ನು ಸ್ಯಾಂಕ್ಷನ್ ಲೆಟರಿನಲ್ಲಿ ಬರೆಸಿಕೊಳ್ಳದಿದ್ದರೆ ನಡುವೆ ಸಿಕ್ಕಿಕೊಳ್ಳುವವರು ನೀವು.

ಸಾಲ ಬೇಗ ಸಿಗುವುದು ಪುಣ್ಯವೇನಲ್ಲ. ತೀರಿಸುವುದಕ್ಕೆ ಮಾತ್ರ ಎರಡು ದಿನ ಸಾಲುವುದಿಲ್ಲ! ನಿಮ್ಮಲ್ಲಿ ಯಾರಿಗಾದರೂ ಬ್ಯಾಂಕು ಲಿಖಿತವಾಗಿ ಕಾರಣ ಕೊಟ್ಟಿದ್ದರೆ ಏನು ಕೊಟ್ಟಿತು ಅಂತ ತಿಳಿಸಿ. ನನಗೂ ಕುತೂಹಲ..