ಹಗಲಲ್ಲಿ ನೋಡಿ ಖಾಲಿ ಎನ್ನಬೇಡಿ

ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಚಾಪ್‌ಮನ್ ಶಾಲೆಯ ಎದುರು ಸೆಪ್ಟೆಂಬರಿನ ಸಂಜೆಗಳಲ್ಲಿ ಜನ ಜಾತ್ರೆಯಂತೆ ಸೇರುತ್ತಾರೆ. ದಕ್ಷಿಣಕ್ಕೆ ಹೊರಟ ಸಾವಿರಾರು ವಾಕ್ಸ್ ಸ್ವಿಫ್ಟ್ ಹಕ್ಕಿಗಳು ಆಕಾಶದಲ್ಲಿ ಸುತ್ತಿ ಸುತ್ತಿ, ಕತ್ತಲಾಗುತ್ತಿದ್ದಂತೆ ಶಾಲೆಯ ಹಳೇ ಹೊಗೆಗೊಳವೆಯೊಳಗೆ ಸುರಿದುಬಿಡುತ್ತವೆ. ಚಪ್ಪಾಳೆಯೋ ಚಪ್ಪಾಳೆ. ಆದರೆ ಚಪ್ಪಾಳೆ ತಟ್ಟಿ ಮನೆಗೆ ಹೋಗಿ ಸ್ವಂತ ಹೊಗೆಗೊಳವೆಗೆ ಮುಚ್ಚಳ ಬಡಿಸುವವರಿಗೆ ಹಕ್ಕಿಪ್ರೇಮದ ಮಾತಾಡುವ ಹಕ್ಕಿಲ್ಲ.

ಸ್ವಿಫ್ಟ್‌ಗೆ ಕೊಂಬೆಯ ಮೇಲೆ ಕೂರಲು ಬಾರದು. ಒರಟು ಗೋಡೆಗೆ ಉಗುರು ಸಿಕ್ಕಿಸಿ ನೇತುಬಿದ್ದೇ ಅದು ರಾತ್ರಿ ಕಳೆಯಬೇಕು. ಮೊದಲು ಹಳೇ ಕಾಡಿನ ಪೊಳ್ಳು ಮರಗಳಿದ್ದವು, ಕಡಿದೆವು. ಹಕ್ಕಿ ಇಟ್ಟಿಗೆಯ ಹೊಗೆಗೊಳವೆಗೆ ಬಂತು; ಈಗ ಅದನ್ನೂ ಕೆಡವುತ್ತಿದ್ದೇವೆ, ಇಲ್ಲವೇ ಒಳಗೆ ನುಣುಪಾದ ಲೋಹದ ಕೊಳವೆ ಇಳಿಸುತ್ತಿದ್ದೇವೆ. ವಾಕ್ಸ್ ಸ್ವಿಫ್ಟ್‌ನ ಬಂಧು ಚಿಮ್ನಿ ಸ್ವಿಫ್ಟ್ ಕೆನಡಾದಲ್ಲಿ ಅಪಾಯಕ್ಕೀಡಾದ ಹಕ್ಕಿಗಳ ಪಟ್ಟಿ ಸೇರಿಯಾಗಿದೆ. ಕೀಟಗಳು ಕಡಿಮೆಯಾಗಿದ್ದೂ ಅದಕ್ಕೊಂದು ಕಾರಣವಿರಬಹುದು. ಹಾಗೆಂದು ನಾವು ಹಾಕಿಸಿದ ಮುಚ್ಚಳದ ಹೊಣೆ ತಪ್ಪುವುದಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಹೊಗೆಗೊಳವೆ ಕೆಡವುವ, ಮುಚ್ಚುವ ಮೊದಲಿನ ನಮ್ಮ ಪರಿಶೀಲನೆಯ ಚಾಳಿ. ಜನವರಿಯಲ್ಲಿ, ಅದೂ ನಡುಹಗಲಲ್ಲಿ ಒಬ್ಬರು ಬಂದು ಟಾರ್ಚ್ ಬಿಟ್ಟು ನೋಡುತ್ತಾರೆ. 'ಏನೂ ಇಲ್ಲ' ಎಂದು ಸಹಿ ಹಾಕುತ್ತಾರೆ. ಆ ಹೊತ್ತಿಗೆ ಹಕ್ಕಿ ಮೆಕ್ಸಿಕೊದಲ್ಲೋ ಮಧ್ಯ ಅಮೆರಿಕದಲ್ಲೋ ಇರುತ್ತದೆ. ಅಮೆರಿಕದ 1918ರ ವಲಸೆ ಹಕ್ಕಿಗಳ ಕಾಯ್ದೆ ಹಕ್ಕಿಯನ್ನೂ ಮೊಟ್ಟೆಯನ್ನೂ ಕಾಯುತ್ತದೆ. ಹಕ್ಕಿ ಇಲ್ಲದ ಕಾಲದಲ್ಲಿ ಅದರ ತಂಗುದಾಣವನ್ನು ಕಾಯುವುದು ನಮ್ಮ ವಿವೇಕಕ್ಕೆ ಬಿಟ್ಟದ್ದು. 'ಬೇರೆ ಕಡೆ ಹೋಗ್ತಾವೆ ಬಿಡಿ' ಎನ್ನುವವರು ಆ ಬೇರೆ ಕಡೆ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲಿ.

ಚಾಪ್‌ಮನ್ ಶಾಲೆಯ ಮಕ್ಕಳು ಹಕ್ಕಿಗಳು ಹೊರಡುವವರೆಗೆ ಬಾಯ್ಲರ್ ಹಚ್ಚದೆ, ಸ್ವೆಟರ್ ತೊಟ್ಟು ಚಳಿಯಲ್ಲೇ ಪಾಠ ಕೇಳಿದರು. ಆಮೇಲೆ ಶಾಲೆಗೆ ಬೇರೆ ಹೀಟಿಂಗ್ ವ್ಯವಸ್ಥೆ ಬಂತು, ಹೊಗೆಗೊಳವೆ ಹಕ್ಕಿಗಳಿಗೇ ಉಳಿಯಿತು. ಮಕ್ಕಳು ಚಳಿ ತಡೆದುಕೊಂಡರು. ದೊಡ್ಡವರಿಗೆ ರಿಪೇರಿಯನ್ನು ಕೆಲವು ತಿಂಗಳು ಮುಂದೂಡಲು ಆಗುವುದಿಲ್ಲವೇ?

ಅಮೆರಿಕದಲ್ಲಿ ಹಳೇ ಇಟ್ಟಿಗೆ ಮನೆ ಕೊಂಡಿರುವ ಕನ್ನಡಿಗರಿಗೂ ಇದೇ ಮಾತು. ಕಂಟ್ರಾಕ್ಟರ್‌ಗೆ ಮುಂಗಡ ಕೊಡುವ ಮೊದಲು ಮೇ ಮತ್ತು ಸೆಪ್ಟೆಂಬರಿನಲ್ಲಿ ಹೊತ್ತು ಮುಳುಗುವಾಗ ಅಂಗಳದಲ್ಲಿ ನಿಂತು ನೋಡಿ. ಲೋಹದ ಕೊಳವೆಯಿದ್ದರೆ ಮುಚ್ಚಿ, ಅದರೊಳಗೆ ಬಿದ್ದ ಹಕ್ಕಿ ಮೇಲೇರಲಾರದು. ಇಟ್ಟಿಗೆಯದಾದರೆ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ತೆರೆದಿಡಿ, ದುರಸ್ತಿ ಏನಿದ್ದರೂ ಚಳಿಗಾಲದಲ್ಲಿ ಮಾಡಿಸಿ. ಇಷ್ಟು ಮಾಡಲು ಹಣ ಬೇಡ, ಆಲಸ್ಯ ಬಿಟ್ಟರೆ ಸಾಕು.