ಕೂರ್ಮಗಡದ ಜಾತ್ರೆ

ಪುಷ್ಯ ಶುದ್ಧ ಪೌರ್ಣಿಮೆಯನ್ನು ನಮ್ಮ ಮುಂಡರಗಿಯ ಕಡೆಯವರು ಬನದ ಹುಣ್ಣಿವೆಯೆಂದು ಕರೆಯುವರು. ಆ ದಿನ ಬಾದಾಮಿಯ ಬನಶಂಕರಿಯ ತೇರಿಗೆ ಚಕ್ಕಡಿ ಹೂಡಿಕೊಂಡು ಹೋಗುವದು ನಮ್ಮ ಹಿರಿಯರ ಪದ್ಧತಿಯಾಗಿದ್ದಿತು. ಅದೇ ಹುಣ್ಣಿವೆಗೆ ಕಾರವಾರದ ಬೆಸ್ತರು ತಮ್ಮ ದೋಣಿಗಳನ್ನು ಶೃಂಗರಿಸಿಕೊಂಡು, ಸಮುದ್ರದ ನಡುವಿನ ಕೂರ್ಮಗಡವೆಂಬ ದ್ವೀಪಕ್ಕೆ ನರಸಿಂಹದೇವರ ಜಾತ್ರೆಗೆಂದು ಹೊರಡುವರು. ಈಚೆಗೆ ಘಟ್ಟದ ಮೇಲಿನ ಸಂಸಾರಿಗರೂ ಮಕ್ಕಳುಮರಿಗಳೊಡನೆ ಅಲ್ಲಿಗೆ ಹೋಗುತ್ತಿರುವದರಿಂದ, ಈ ಸಲ ಅದರ ವಿಷಯವಾಗಿ ನಾಲ್ಕು ಮಾತು ಬರೆಯುವದು ಅವಶ್ಯವೆಂದು ತೋರಿತು.

ಗದಗ, ಹುಬ್ಬಳ್ಳಿಗಳ ಮೇಲಿಂದ ಯಲ್ಲಾಪುರವನ್ನು ದಾಟಿ, ಅರಬೈಲು ಘಟ್ಟವನ್ನಿಳಿದು ಅಂಕೋಲೆಗೆ ಬಂದರೆ, ಅಲ್ಲಿಂದ ಕಾರವಾರವು ಸುಮಾರು 35 ಕಿಲೋಮೀಟರು. ಆ ತೀರಕ್ಕೂ ನಮ್ಮ ಎರೆಯ ಹೊಲಗಳಿಗೂ ಹಳೆಯ ಸಂಬಂಧವುಂಟು. ಅಮೇರಿಕೆಯಲ್ಲಿ 1861ರಲ್ಲಿ ಅಂತರ್ಯುದ್ಧವು ಮೊದಲಾಗಿ ಅಲ್ಲಿಯ ಹತ್ತಿಯು ಬರದಂತಾಗಲು, ಮ್ಯಾಂಚೆಸ್ಟರಿನ ಗಿರಣಿಯವರ ಕಣ್ಣು ಧಾರವಾಡ ಸೀಮೆಯ ಹತ್ತಿಯ ಮೇಲೆ ಬಿದ್ದಿತು. ಅದನ್ನು ಹಡಗಿಗೆ ಮುಟ್ಟಿಸಲು ಸದಾಶಿವಗಡದ ಹತ್ತಿರ ಒಂದು ಬಂದರವು ಬೇಕಾಯಿತು. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸಿನಿಂದ ಬಿಡಿಸಿ ಮುಂಬಯಿಗೆ ಕೂಡಿಸಿದ್ದಕ್ಕೆ ಇದೂ ಒಂದು ಕಾರಣವು. ಬಂದರದೆದುರಿನ ದೇವಗಡ ದ್ವೀಪದಲ್ಲಿ 1864ರಲ್ಲಿ ದೀಪಸ್ತಂಭವೆದ್ದಿತು. ನಮ್ಮ ಹೊಲದ ಅರಳೆಗೂ ಆ ದೀಪಕ್ಕೂ ಹೀಗೊಂದು ಬಾಂಧವ್ಯ!

ಕೂರ್ಮಗಡವು ಕಾಳಿ ನದಿಯು ಕಡಲನ್ನು ಕೂಡುವ ಸ್ಥಳದಿಂದ ಮುಂದಕ್ಕೆ ಇರುವದು. ದೂರದಿಂದ ನೋಡಿದರೆ ನೀರಿನ ಮೇಲೆ ಆಮೆಯು ಬೆನ್ನೆತ್ತಿಕೊಂಡು ಮಲಗಿದಂತೆ ಕಾಣುವದರಿಂದ ಈ ಹೆಸರು. ಹರಕೆ ಹೊತ್ತವರು ದೇವರಿಗೆ ಬಾಳೆಗೊನೆಗಳನ್ನು ಒಪ್ಪಿಸುವರು. ಗೊನೆಯನ್ನು ಹೆಗಲ ಮೇಲೆ ಹೊತ್ತು ದೋಣಿಯಿಂದಿಳಿದು ಏರನ್ನೇರುವವರ ಸಾಲು ನೋಡತಕ್ಕದ್ದು. ಮೀನುಗಾರನಿಗೆ ಇದು ವಿನೋದದ ಯಾತ್ರೆಯಲ್ಲ. ವರ್ಷವೆಲ್ಲ ತನ್ನನ್ನು ಕಾಯುವ ದೇವರಿಗೆ ಆತನು ಸಲ್ಲಿಸುವ ಋಣ.

ಆದರೆ ನಾವು ಬಲ್ಲ ನೀರೆಂದರೆ ಕೊರ್ಲಹಳ್ಳಿಯ ಬಳಿಯ ತುಂಗಭದ್ರೆ. ಹೊಳೆಯಲ್ಲಿ ಹರಿಗೋಲು ಹತ್ತಿದ ಧೈರ್ಯವು ಕಡಲಿನಲ್ಲಿ ನಡೆಯಲಾರದು. ಈ ಋತುವಿನಲ್ಲಿ ಬೆಳಗಿನ ಗಾಳಿಯು ನೆಲದಿಂದ ಕಡಲಿಗೆ ಮೆಲ್ಲಗೆ ಬೀಸುವದರಿಂದ ಹೋಗುವಾಗ ನೀರು ತಟ್ಟೆಯಂತಿರುವದು. ಬಿಸಿಲೇರಿ ನೆಲವು ಕಾದ ಮೇಲೆ ಗಾಳಿಯು ತಿರುಗಿ ಕಡಲಿನಿಂದ ಬೀಸತೊಡಗುವದು, ತೆರೆಗಳೂ ಏಳುವವು. ನದಿಯ ಮುಖದಲ್ಲಿ ಹೊಳೆಯ ಸೆಳವೂ ಕಡಲಿನ ತೆರೆಯೂ ಒಂದಕ್ಕೊಂದು ಹಾಯುವದರಿಂದ ಅಲ್ಲಿ ಇನ್ನಷ್ಟು ಕಠಿಣ. ಅಂದರೆ, ದರ್ಶನ ಮುಗಿಸಿ ದಣಿದ ಜನರು ಮನೆಗೆ ಮುಟ್ಟುವ ಅವಸರದಲ್ಲಿ ದೋಣಿಯನ್ನು ತುಂಬುವ ಹೊತ್ತೇ ಸಮುದ್ರವು ಕೆರಳುವ ಹೊತ್ತು. 2019ರ ಜನವರಿ 21ರಂದು ಈ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಜನರು ಮಡಿದರು. ಅವರಲ್ಲಿ ಹಾವೇರಿ ಜಿಲ್ಲೆಯ ಒಂದೇ ಮನೆತನದ ಹಲವರಿದ್ದರು. ಎಳೆಯ ಮಕ್ಕಳೂ ಇದ್ದರು. ಅವರೂ ನಮ್ಮಂತೆಯೇ ಕಡಲನ್ನರಿಯದ ಬಯಲಸೀಮೆಯವರು.

ಆದ್ದರಿಂದ ಮನೆಯ ಯಜಮಾನನಾದವನು ಸಂಕೋಚವನ್ನು ಬದಿಗಿಡಬೇಕು. ದೋಣಿಗೆ ಎಷ್ಟು ಜನರ ಅಪ್ಪಣೆಯಿದೆಯೆಂದು ಮೊದಲು ಕೇಳಿ, ತಲೆ ಎಣಿಸಿ, ಹೆಚ್ಚಾದರೆ ತನ್ನವರನ್ನು ಇಳಿಸಿಕೊಳ್ಳತಕ್ಕದ್ದು. ತೇಲುಜಾಕೀಟನ್ನು ಮಡಿಲಲ್ಲಿಟ್ಟುಕೊಂಡರೆ ಪ್ರಯೋಜನವಿಲ್ಲ. ಮೈಗೆ ತೊಟ್ಟು ಪಟ್ಟಿ ಬಿಗಿದಿರಬೇಕು. ಮಗುವಿನ ಅಳತೆಯದು ಇಲ್ಲದಿದ್ದರೆ ಮಗುವನ್ನು ಒಯ್ಯಲೇಬಾರದು. ತೆರೆಯೆದ್ದಾಗ ಎಲ್ಲರೂ ಎದ್ದು ಒಂದೇ ಬದಿಗೆ ನೂಕಿದರೆ ಭಾರವು ವಾಲಿ ದೋಣಿಯು ಮಗುಚುವದು. ಕುಳಿತಲ್ಲಿಯೇ ಕುಳಿತಿರುವದು ಲೇಸು. ಕುಡಿಯುವ ನೀರನ್ನೂ ರೊಟ್ಟಿಬುತ್ತಿಯನ್ನೂ ಜೊತೆಗೆ ಒಯ್ದು, ಬಿಸಿಲೇರುವ ಮೊದಲೇ ಮರಳುವ ದೋಣಿಯನ್ನು ಹಿಡಿಯಬೇಕು.

ಹೀಗೆ ಬೇಗನೆ ಮರಳಿದವರಿಗೆ ಸಂಜೆಯು ಬಿಡುವಾಗಿ ಉಳಿಯುವದು. ಅಣ್ಣನಾದ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ತರುಣ ರವೀಂದ್ರನಾಥ ಠಾಕೂರರು ಬಂದು ತಿರುಗಾಡಿದ ಮರಳಿನ ತೀರವು ಈಗ ಅವರ ಹೆಸರನ್ನೇ ಹೊತ್ತಿರುವದು. ಅಲ್ಲಿ ನಿಲ್ಲಿಸಿರುವ ‘ಚಪಲ’ವೆಂಬ ಹಳೆಯ ಯುದ್ಧನೌಕೆಯನ್ನು ಕಂಡ ಮಕ್ಕಳು ಬೇಗನೆ ಹೊರಡಲೊಪ್ಪುವದಿಲ್ಲ. ದೋಣಿ ಹತ್ತಲೊಲ್ಲದ ಅಜ್ಜ ಅಜ್ಜಿಯರನ್ನು ಬೆಳಗಿನಿಂದಲೇ ಈ ತೀರದ ನೆರಳಿನಲ್ಲಿ ಕುಳ್ಳಿರಿಸಿ ಹೋದರೂ ಅಡ್ಡಿಯಿಲ್ಲ.